ಕ್ಯಾಲಿಪರ್ ಎಲ್ಲಿ ಕೂರಬೇಕು? ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಾರು ಕಟ್ಟಿ ಸ್ಪರ್ಧಿಸುವ ಫಾರ್ಮುಲಾ ಭಾರತ್‌ಗೆ ಕಾರು ಮಾಡುವ ಮೊದಲೇ ನಿಮ್ಮ ತಂಡದಲ್ಲಿ ಜಗಳ ಶುರುವಾಗಿದೆ ಅಂತ ಕೇಳಿ ನಗು ಬಂತು. ಮುಂದಿನ ಚಕ್ರದ ಕ್ಯಾಲಿಪರನ್ನು (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡುಗಳಿಂದ ಅಮುಕಿ ಹಿಡಿಯುವ ಇಕ್ಕಳ) ಆಕ್ಸಲ್‌ಗಿಂತ ಮುಂದೆ ಕೂರಿಸಿದರೆ ಬ್ರೇಕು ಚೆನ್ನಾಗಿ ಹಿಡಿಯುತ್ತದೆ ಅಂತ ನಿಮ್ಮ ಸೀನಿಯರ್. ಇಲ್ಲ, ಹಿಂದೆ ಕೂರಿಸಿದರೇ ಹಿಡಿಯುವುದು ಅಂತ ನೀನು. ಫೋನಿನಲ್ಲಿ ಹೇಳಿದರೆ ತಲೆಗೆ ಹೋಗುವ ವಿಷಯ ಅಲ್ಲ ಇದು. ಪೆನ್ಸಿಲ್ ಇಟ್ಟುಕೊಂಡು ಓದು.

ಮೊದಲು ಜಗಳ ಮುಗಿಸೋಣ. ಹಿಡಿತದ ವಿಷಯದಲ್ಲಿ ಇಬ್ಬರದೂ ತಪ್ಪು. ಕುಂಬಾರನ ಚಕ್ರದ ಅಂಚನ್ನು ಯಾವ ಕಡೆಯಿಂದ ಒತ್ತಿದರೂ ಅದು ಒಂದೇ ಥರ ನಿಲ್ಲುತ್ತದೆ, ಅಲ್ವಾ? ಡಿಸ್ಕೂ ಅಷ್ಟೇ. ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಬ್ರೇಕ್ ಟೆಸ್ಟ್ ಮಾಡುವಾಗ ನಿಮ್ಮ ಕಾರಿನ ನಾಲ್ಕೂ ಚಕ್ರ ಲಾಕ್ ಆಗಬೇಕು. ಅದನ್ನು ತೀರ್ಮಾನಿಸುವುದು ಪ್ಯಾಡನ್ನು ತಳ್ಳುವ ಪಿಸ್ಟನ್ನಿನ ಅಳತೆ, ಪ್ಯಾಡು, ಡಿಸ್ಕಿನ ತ್ರಿಜ್ಯ, ಬ್ರೇಕ್ ಎಣ್ಣೆಯ ಒತ್ತಡ, ಟೈರು. ಕ್ಯಾಲಿಪರ್ ಗಡಿಯಾರದ ಯಾವ ಅಂಕಿಯ ಹತ್ತಿರ ಕೂತಿದೆ ಅನ್ನುವುದಲ್ಲ.

ಹಾಗಾದರೆ ಜಾಗ ಯಾಕೆ ಮುಖ್ಯ? ಕಾರು ಬಲಗಡೆಗೆ ಹೋಗುತ್ತಿದೆ ಅಂತ ಒಂದು ಚಕ್ರ ಬರೆದುಕೋ. ಆಕ್ಸಲ್‌ಗಿಂತ ಮುಂದೆ ಡಿಸ್ಕು ಕೆಳಕ್ಕೆ ಇಳಿಯುತ್ತಿರುತ್ತದೆ. ಹಿಂದೆ ಮೇಲಕ್ಕೆ ಏರುತ್ತಿರುತ್ತದೆ. ಪ್ಯಾಡು ಯಾವಾಗಲೂ ಅದಕ್ಕೆ ಎದುರಾಗಿ ತಳ್ಳುತ್ತದೆ. ಅಂದರೆ ಮುಂದಿರುವ ಕ್ಯಾಲಿಪರ್ ಡಿಸ್ಕನ್ನು ಮೇಲಕ್ಕೆ ತಳ್ಳುತ್ತದೆ, ಹಿಂದಿರುವುದು ಕೆಳಕ್ಕೆ.

ಈಗ ಲೆಕ್ಕ. ಜೋರಾಗಿ ಬ್ರೇಕ್ ಹಾಕಿದಾಗ ಒಂದು ಮುಂದಿನ ಚಕ್ರದ ಮೇಲೆ 100 ಕೆಜಿ ಭಾರ ಬಿತ್ತು ಅಂದುಕೋ. ನೆಲ ಟೈರನ್ನು ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತದೆ. ಬ್ರೇಕ್ ಹಾಕಿದಾಗ ನೆಲ ಟೈರನ್ನು ಹಿಂದಕ್ಕೆ ಹಿಡಿಯುವ ಬಲವೂ 100 ಕೆಜಿಯೇ ಇರಲಿ, ಲೆಕ್ಕ ಸುಲಭ ಆಗುತ್ತದೆ. ಟೈರಿನ ತ್ರಿಜ್ಯ 23 ಸೆಂ.ಮೀ., ಪ್ಯಾಡು ಹಿಡಿಯುವ ಜಾಗದ ತ್ರಿಜ್ಯ 9 ಸೆಂ.ಮೀ. 100ನ್ನು 23ರಿಂದ ಗುಣಿಸಿ 9ರಿಂದ ಭಾಗಿಸಿದರೆ ಪ್ಯಾಡಿನ ಬಲ ಸುಮಾರು 250 ಕೆಜಿ. ಕ್ಯಾಲಿಪರ್ ಮುಂದಿದ್ದರೆ ಎರಡೂ ಬಲ ಕೂಡಿಕೊಂಡು ಬೇರಿಂಗ್ ಮೇಲೆ ಮೇಲ್ಮುಖವಾಗಿ 350 ಕೆಜಿ. ಹಿಂದಿದ್ದರೆ ಒಂದರಿಂದ ಇನ್ನೊಂದು ಕಳೆದು ಬರೀ 150, ಅದೂ ಕೆಳಮುಖವಾಗಿ. ಅದೇ ಕಾರು, ಅದೇ ಬ್ರೇಕು, ಬೇರಿಂಗಿಗೆ ಮಾತ್ರ ಎಷ್ಟು ವ್ಯತ್ಯಾಸ ನೋಡು! ತಮಾಷೆ ಏನೆಂದರೆ ಚಕ್ರವನ್ನು ಕಾರಿಗೆ ಜೋಡಿಸುವ ತೋಳಾದ ವಿಶ್‌ಬೋನಿಗೆ ಇದು ಗೊತ್ತೇ ಆಗುವುದಿಲ್ಲ. ಈ ಎಳೆದಾಟವೆಲ್ಲ ಬೇರಿಂಗ್, ಕ್ಯಾಲಿಪರ್ ಎರಡನ್ನೂ ಹೊತ್ತ ಅಪ್‌ರೈಟಿನ ಒಳಗೇ ಮುಗಿದುಹೋಗುತ್ತದೆ.

ಆ ಕೆಳಮುಖದ ಬಲವನ್ನು ಮಾತ್ರ ಸುಮ್ನೆ ಬಿಡಬೇಡ. ಸೈಕಲ್ಲಿನವರಿಗೆ ಅದು ದೊಡ್ಡ ತಲೆನೋವಾಗಿತ್ತು. ಸೈಕಲ್ಲುಗಳಿಗೆ ಡಿಸ್ಕ್ ಬ್ರೇಕ್ ಬಂದಾಗ ಕ್ಯಾಲಿಪರನ್ನು ಎಡ ಫೋರ್ಕಿನ ಹಿಂದೆ ಕೂರಿಸಿದರು. ಆದರೆ ಫೋರ್ಕಿನ ತುದಿಯಲ್ಲಿ ಆಕ್ಸಲ್ ಕೂರುವ ಕಚ್ಚು ಹಳೇ ಕಾಲದಿಂದಲೂ ಕೆಳಕ್ಕೆ ಬಾಯಿ ತೆರೆದಿತ್ತು. ರಿಮ್ ಬ್ರೇಕಿನ ಕಾಲದಲ್ಲಿ ತೊಂದರೆ ಇರಲಿಲ್ಲ, ಚಕ್ರ ಕೆಳಕ್ಕೆ ಜಾರುವಂಥ ಬಲವೇ ಬರುತ್ತಿರಲಿಲ್ಲ. 160 ಮಿ.ಮೀ. ಡಿಸ್ಕಿನಲ್ಲಿ ಪ್ಯಾಡಿನ ಬಲ ನೆಲದ ಹಿಡಿತದ ಹತ್ತಿರಹತ್ತಿರ 5 ಪಟ್ಟು. ಆ ಬಲ ನೇರವಾಗಿ ಬಾಯಿ ತೆರೆದ ಕಡೆಗೇ ತಳ್ಳುತ್ತದೆ! ತಡೆಯಲು ಮುಖ್ಯವಾಗಿ ಇದ್ದದ್ದು ಆಕ್ಸಲನ್ನು ಬಿಗಿಹಿಡಿಯುವ ಕ್ವಿಕ್ ರಿಲೀಸ್ ಲಿವರ್. 2003ರಲ್ಲಿ ಜೇಮ್ಸ್ ಆ್ಯನನ್ ಎಂಬ ಬ್ರಿಟಿಷ್ ವಿಜ್ಞಾನಿ ಈ ಲೆಕ್ಕವನ್ನು ಎಲ್ಲರ ಮುಂದಿಟ್ಟರು. ಕ್ಯಾಲಿಪರನ್ನು ಫೋರ್ಕಿನ ಮುಂದಕ್ಕೆ ತಂದರೆ ಮುಗಿಯಿತು ಅನ್ನುವುದು ಅವರ ಮಾತು. ಹಾಗೆ ಮಾಡಿದವರು ಕಡಿಮೆ. ಕಡೆಗೆ ಫೋರ್ಕಿನ ಬಾಯನ್ನೇ ಮುಚ್ಚಿ, ರಂಧ್ರದ ಮೂಲಕ ತೂರಿಸಿ ತಿರುಪು ಹಾಕುವ 12 ಮತ್ತು 15 ಮಿ.ಮೀ. ಥ್ರೂ ಆಕ್ಸಲ್ ಬಂತು. ನಿನ್ನ ಸೈಕಲ್ಲಿನಲ್ಲಿರುವುದು ಇದೇ. ನನ್ನ ಕೇಳಿದರೆ ಆ್ಯನನ್ ದಾರಿಯೇ ಸರಳವಾಗಿತ್ತು.

ಕಾರಿನಲ್ಲಿ ಬೇರಿಂಗ್ ಒಂದನ್ನೇ ನೋಡಿ ಜಾಗ ಹುಡುಕಲು ಆಗುವುದಿಲ್ಲ. ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಟೈ ರಾಡ್ ಬಂದು ಕೂರುವ ಕಡೆ ಕ್ಯಾಲಿಪರಿಗೆ ಜಾಗ ಸಿಗುವುದು ಕಷ್ಟ. ಆ ರಾಡನ್ನು ಪಕ್ಕಕ್ಕೆ ಎಳೆಯುವ ಸ್ಟೀರಿಂಗ್ ರ‍್ಯಾಕ್ ಮುಂದಿದ್ದರೆ ಕ್ಯಾಲಿಪರ್ ಹಿಂದೆ, ರ‍್ಯಾಕ್ ಹಿಂದಿದ್ದರೆ ಹೆಚ್ಚಾಗಿ ಮುಂದೆ. ಭಾರವನ್ನು ಕಾರಿನ ನಡುವಿಗೆ ತರಬೇಕು ಅನ್ನುವವರು ಮುಂದಿನ ಕ್ಯಾಲಿಪರನ್ನು ಆಕ್ಸಲ್‌ಗಿಂತ ಹಿಂದೆ, ಹಿಂದಿನದನ್ನು ಆಕ್ಸಲ್‌ಗಿಂತ ಮುಂದೆ ಇಡುತ್ತಾರೆ. ಬೈಕುಗಳಲ್ಲಿ ಫೋರ್ಕಿನ ಹಿಂದೆ ಇಡುವುದೂ ಅದೇ ಜಾತಿಯ ಯೋಚನೆ: ಹ್ಯಾಂಡಲ್ ತಿರುಗುವ ಅಕ್ಷಕ್ಕೆ ಭಾರ ಹತ್ತಿರವಾದಷ್ಟೂ ತಿರುಗಿಸುವುದು ಹಗುರ.

ಇನ್ನೂ ಮುಂದೆ ಹೋದವರಿದ್ದಾರೆ. 1961ರ ಜಾಗ್ವಾರ್ ಇ-ಟೈಪ್‌ನಲ್ಲಿ ಹಿಂದಿನ ಡಿಸ್ಕು, ಕ್ಯಾಲಿಪರ್ ಎರಡೂ ಚಕ್ರದಲ್ಲಿಲ್ಲ, ಎರಡು ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಪಕ್ಕದಲ್ಲಿವೆ. ಚಕ್ರದ ಜೊತೆ ಕುಣಿಯುವ ಭಾರ ಕಮ್ಮಿಯಾಯಿತು, ಸರಿ. ಪ್ಯಾಡು ಬದಲಿಸುವ ಮೆಕ್ಯಾನಿಕ್ ಮಾತ್ರ ಕಾರಿನ ಕೆಳಗೆ ಮಲಗಿ ಬೈದುಕೊಳ್ಳಬೇಕು, ಬಿಸಿಯೂ ಅಲ್ಲೇ ಉಳಿದುಕೊಳ್ಳುತ್ತದೆ.

ನಿಮ್ಮ ತಂಡದಲ್ಲಿ ಯಾರಾದರೂ ರೇಸ್ ಕಾರು ನೋಡಿ, ಭಾರ ಕೆಳಗಿರಲಿ ಅಂತ ಕ್ಯಾಲಿಪರನ್ನು ಡಿಸ್ಕಿನ ತಳಕ್ಕೇ ಇಡೋಣ ಎನ್ನಬಹುದು. ಆಸೆ ಒಳ್ಳೆಯದೇ. ಬ್ಲೀಡ್ ಮಾಡುವಾಗ, ಅಂದರೆ ಬ್ರೇಕ್ ಎಣ್ಣೆಯಲ್ಲಿ ಸೇರಿದ ಗಾಳಿ ಹೊರತೆಗೆಯುವಾಗ, ಕಷ್ಟ ಗೊತ್ತಾಗುತ್ತದೆ. ಎಣ್ಣೆಯಲ್ಲಿನ ಗಾಳಿ ಮೇಲಕ್ಕೇ ಹೋಗುವುದು, ಹಾಗಾಗಿ ಗಾಳಿ ಬಿಡುವ ಬ್ಲೀಡ್ ನಿಪ್ಪಲ್ ಕ್ಯಾಲಿಪರಿನ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿರಬೇಕು. ನಮ್ಮ ಪಾಲಿಟೆಕ್ನಿಕ್‌ನಲ್ಲಿ ಹುಡುಗರು ಎಡದ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ, ನಿಪ್ಪಲ್ ಕೆಳಗಾಗಿ, ಮಧ್ಯಾಹ್ನವಿಡೀ ಪೆಡಲ್ ಒತ್ತುತ್ತಾ ಕೂತಿದ್ದರು. ಗಾಳಿ ಹೋಗಲೇ ಇಲ್ಲ. ಪೆಡಲ್ ಮೆತ್ತಗೇ ಇತ್ತು. ನಾನೂ ಸ್ವಲ್ಪ ಹೊತ್ತು ಹೇಳದೆ ನೋಡುತ್ತಾ ನಿಂತಿದ್ದೆ, ಅದು ಬೇರೆ ವಿಷಯ.

ನಿಮ್ಮ ರ‍್ಯಾಕ್ ಆಕ್ಸಲ್‌ಗಿಂತ ಮುಂದಿದೆ ಅಂದೆ. ಹಾಗಿದ್ದರೆ ಹಿಂದೆಯೇ ಇಡಿ, ಸ್ವಲ್ಪ ಮೇಲಕ್ಕೆ. ಬೇರಿಂಗಿಗೂ ಸುಖ, ಬ್ಲೀಡಿಂಗೂ ಸುಲಭ. ಅಷ್ಟರ ಮಟ್ಟಿಗೆ ನೀನು ಗೆದ್ದೆ, ಕಾರಣ ಮಾತ್ರ ಬೇರೆ. ರಟ್ಟಿನಲ್ಲಿ ಕ್ಯಾಲಿಪರಿನ ಆಕಾರ ಕತ್ತರಿಸಿ ರಿಮ್ಮಿನೊಳಗೆ ಹಿಡಿದು ನೋಡಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸು ಎಳೆಯುತ್ತದಾ ಅಂತಲೂ ನೋಡಿ. ಆಮೇಲೆ ಅಪ್‌ರೈಟಿನ ಡ್ರಾಯಿಂಗ್ ಕಳಿಸು. ಬಲದ ಬಾಣಗಳನ್ನು ಹಾಕದೆ ಕಳಿಸಿದರೆ ಹಾಗೇ ವಾಪಸ್ ಕಳಿಸುತ್ತೇನೆ.

ಇಂತಿ,
ಅಮ್ಮ