ಕೆರೆಯಂಗಳದ ಸುರಂಗಕ್ಕೆ ನೀರಿನ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ರೈಲು ನಿಲ್ದಾಣ, ಬಸ್ ನಿಲ್ದಾಣ ಹಾಗೂ 2017ರಿಂದ ನೇರಳೆ ಮತ್ತು ಹಸಿರು ಮಾರ್ಗಗಳು ಸಂಧಿಸುತ್ತಿರುವ ಮೆಟ್ರೊ ನಿಲ್ದಾಣ ಕೂಗಳತೆಯ ದೂರದಲ್ಲಿರುವುದರಿಂದ, ಅವುಗಳ ನಡುವೆ ಇನ್ನಷ್ಟು ಪಾದಚಾರಿ ಸುರಂಗಗಳು ಬೇಕೆಂಬ ಒತ್ತಾಯ ನ್ಯಾಯವಾದುದೇ. ಆದರೆ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎಂಬುದನ್ನು ವಿನ್ಯಾಸಕಾರರು ಮರೆಯುವಂತಿಲ್ಲ. ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಹೋದ ಪ್ರತಿ ಮೀಟರಿಗೆ, ಸುರಂಗದ ತಳದ ಒಂದೊಂದು ಚದರ ಮೀಟರನ್ನು ನೀರು ಸುಮಾರು 1 ಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ಖಾಲಿ ಕಾಂಕ್ರೀಟ್ ಪೆಟ್ಟಿಗೆ ದೋಣಿಯಂತೆ ಮೇಲೇಳದಿರಬೇಕಾದರೆ ದಪ್ಪನೆಯ ತಳಹಾಸೋ ಬಂಡೆಗೆ ಬಿಗಿದ ಆಂಕರ್‌ಗಳೋ ಅನಿವಾರ್ಯ. ಕೀಲುಗಳಿಗೆ ಜಲನಿರೋಧಕ ಪಟ್ಟಿ, ರಸ್ತೆಗಿಂತ ಎತ್ತರದ ಪ್ರವೇಶದ್ವಾರ, ಕರೆಂಟು ಹೋದರೂ ಓಡುವ ಪಂಪುಗಳು ಮೂಲ ಅಂದಾಜುಪಟ್ಟಿಯಲ್ಲೇ ಇರಲಿ. ನಮ್ಮಲ್ಲಿ ಇವು ನೆನಪಾಗುವುದು ಸಾಮಾನ್ಯವಾಗಿ ಮೊದಲ ಮಳೆಯ ನಂತರ.

ರಸ್ತೆ ಅಗೆದು ಮುಚ್ಚುವ ವಿಧಾನ ಅಗ್ಗವಾದರೂ ಬಸ್ಸುಗಳ ದಾರಿಯನ್ನು ತಿಂಗಳುಗಟ್ಟಲೆ ಕಟ್ಟಿಹಾಕುತ್ತದೆ. ಹೊಂಡದಲ್ಲಿ ಸಿದ್ಧಪಡಿಸಿದ ಪೆಟ್ಟಿಗೆಗಳನ್ನು ಹೈಡ್ರಾಲಿಕ್ ಜಾಕ್‌ಗಳಿಂದ ಹಳಿಗಳ ಕೆಳಗೆ ತಳ್ಳುವ, ರೈಲ್ವೆಗೆ ಚಿರಪರಿಚಿತವಾದ ಕ್ರಮವನ್ನು ಇಲ್ಲಿಯೂ ಪರಿಶೀಲಿಸಬೇಕು. ಗಾಲಿಕುರ್ಚಿಗೆ ಒಪ್ಪುವ 1:12ರ ಇಳಿಜಾರಿನಲ್ಲಿ 5 ಮೀಟರ್ ಇಳಿಯಲು 60 ಮೀಟರ್ ಉದ್ದ ಬೇಕಾಗುತ್ತದೆ. ಅಷ್ಟು ಜಾಗ ಅಲ್ಲಿ ಸಿಗುವುದು ಕಷ್ಟವಾದ್ದರಿಂದ, ಎರಡೂ ತುದಿಗಳಲ್ಲಿ ಲಿಫ್ಟ್ ಅಳವಡಿಸುವುದನ್ನು ಟೆಂಡರಿನ ಷರತ್ತಾಗಿಯೇ ಸೇರಿಸಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ.

– ಒಬ್ಬ ನಿತ್ಯ ಪ್ರಯಾಣಿಕ, ಬೆಂಗಳೂರು