ಮಗಳಿಗೊಂದು ಪತ್ರ: ಧರೆ ಜರಿದ ರಾತ್ರಿ

ತೀರ್ಥಹಳ್ಳಿ ಸೀಮೆ,
ಮೇ ತಿಂಗಳ ಕೊನೆಯ ಭಾನುವಾರ

ಚಿರಂಜೀವಿ ಪುಟ್ಟಿಗೆ ಅಪ್ಪಯ್ಯನ ಆಶೀರ್ವಾದಗಳು.

ಹೋದ ವಾರ ಫೋನಿನಲ್ಲಿ ನಾನಾಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅವು ನಿನಗೂ ನೆನಪಿವೆ, ನನಗೂ ನೆನಪಿವೆ. ಜೂನ್ ಎರಡನೆಯ ವಾರ ಮೂವರು ಸ್ನೇಹಿತರೊಂದಿಗೆ ಅಮೆರಿಕದ ಕೊಲರಾಡೊದ ಪರ್ವತಗಳಿಗೆ ಹೋಗಿ, ಬಂಡೆಗಳ ನಡುವಿನ ಕಡಿದಾದ ಹಿಮದ ಕೊರಕಲಿನಲ್ಲಿ ಕಾಲಿಗೆ ಉದ್ದನೆಯ ಸ್ಕೀ ಪಟ್ಟಿ ಕಟ್ಟಿ ಜಾರುತ್ತ ಇಳಿಯುತ್ತೇನೆಂದು ನೀನು ಹೇಳಿದಾಗ, ಅದೇನೆಂದು ಕೇಳಿ ತಿಳಿದುಕೊಳ್ಳುವ ಮೊದಲೇ ಬೇಡವೆಂದುಬಿಟ್ಟೆ. ಹಾಗೆ ಮಾಡಬಾರದಿತ್ತು. ಆಮೇಲೆ ಈ ಎಂಟು ದಿನ ರಾತ್ರಿ ಊಟವಾದ ಮೇಲೆ ಕುಳಿತು, ನೀನು ಹಿಂದೆ ಕಳುಹಿಸಿದ್ದ ವಿಡಿಯೊಗಳನ್ನೂ ಬರಹಗಳನ್ನೂ ಒಂದೊಂದಾಗಿ ನೋಡಿದ್ದೇನೆ. ನೀವು ಕೂಲ್ವಾರ್ ಎಂದು ಕರೆಯುವ ಆ ಕೊರಕಲು ಎಂಥ ಜಾಗವೆಂದು ಈಗ ಒಂದಿಷ್ಟು ಅರ್ಥವಾಗಿದೆ.

ಬೇಸಿಗೆ ಶುರುವಾದ ಮೇಲೆ ಎಂಥ ಹಿಮ ಎಂದು ಅಂದು ಕೂಗಾಡಿದ್ದೆ. ಕೊಲರಾಡೊದಲ್ಲಿ ಚಳಿಗಾಲದ ಹಿಮದ ತಳದಲ್ಲಿ ಸಕ್ಕರೆಯಂತೆ ಉದುರುವ ಬಲವಿಲ್ಲದ ಪದರ ಉಳಿದುಕೊಳ್ಳುವುದರಿಂದ ಹಿಮಕುಸಿತದ ಅಪಾಯ ಚಳಿಗಾಲದಲ್ಲೇ ಹೆಚ್ಚೆಂದೂ, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುತ್ತ ಪದರಗಳು ಒಂದಕ್ಕೊಂದು ಬೆಸೆದುಕೊಂಡ ಮೇಲೆಯೇ ತಿಳಿದವರು ಇಂಥ ಕೊರಕಲುಗಳಿಗೆ ಹೋಗುತ್ತಾರೆಂದೂ ಈಗ ಓದಿದೆ. ನೀವು ಕಾದದ್ದು ವಿವೇಕದಿಂದ ಎಂಬುದನ್ನು ಒಪ್ಪುತ್ತೇನೆ.

ಆದರೂ ಇಳಿಜಾರಿನ ಲೆಕ್ಕ ನನ್ನನ್ನು ಬಿಡಲಿಲ್ಲ. ನಿನ್ನ ಹಳೆಯ ಕಂಪಾಸ್ ಪೆಟ್ಟಿಗೆ ಅಟ್ಟದ ಮೇಲೆ ಇನ್ನೂ ಇದೆ. ಅದರಿಂದ ಕೋನಮಾಪಕವನ್ನು ತೆಗೆದು, ದಾರಕ್ಕೊಂದು ಅಡಿಕೆ ಕಟ್ಟಿ ಇಳಿಬಿಟ್ಟು, ನಮ್ಮ ಮನೆಯ ಮಾಡಿನ ಇಳಿಜಾರನ್ನು ಅಳೆದೆ. 35 ಡಿಗ್ರಿ ಬಂತು. ಹಂಚು ಸರಿಮಾಡಲು ಬರುವವನೂ ಈ ಮಾಡಿನ ಮೇಲೆ ಏಣಿ ಮಲಗಿಸಿಕೊಂಡೇ ಹತ್ತುತ್ತಾನೆ. ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಎಂದು ಓದಿದ್ದೇನೆ. ನೀನು ಇಳಿಯುವ ಕೊರಕಲು 45 ಡಿಗ್ರಿ ಎಂದು ನೀನೇ ಹೇಳಿದ್ದೀಯ. ಅಂಗಳದಲ್ಲಿ ನಿಂತು ಮಾಡನ್ನು ನೋಡುತ್ತ, ಅದು ಇನ್ನೂ 10 ಡಿಗ್ರಿ ನೆಟ್ಟಗಾದರೆ ಹೇಗಿರಬಹುದೆಂದು ಬಹಳ ಹೊತ್ತು ಯೋಚಿಸಿದೆ.

ನಾನು ಬರೆಯಲೇಬೇಕಾದದ್ದು ಬೇರೆ ಇದೆ. ಧರೆ ಜರಿದ ರಾತ್ರಿಯ ವಿಷಯ. ಅದನ್ನು ನಾವಿಬ್ಬರೂ ಇಷ್ಟು ವರ್ಷ ಒಂದು ಸಲವೂ ಆಡಿಲ್ಲ.

ನಿನಗಾಗ ಒಂಬತ್ತು ವರ್ಷ. ಆಶ್ಲೇಷ ಮಳೆ ನಾಲ್ಕು ದಿನ ಒಂದು ಗಳಿಗೆಯೂ ಹೊಳವಾಗದೆ ಹೊಯ್ದಿತ್ತು. ಊಟಕ್ಕೆ ಕೂರುವ ಹೊತ್ತಿಗೆ ಹಿಂದಿನ ಗುಡ್ಡದ ಧರೆ ಜರಿದು ಕೊಟ್ಟಿಗೆಯ ಮೇಲೆ ಬಂತು. ದೊಡ್ಡ ದನಗಳು ಹಗ್ಗ ಹರಿದುಕೊಂಡು ಹೊರಗೆ ಬಂದವು. ಕರು ಒಳಗೇ ಉಳಿಯಿತು. ನಾನೂ ಪಕ್ಕದ ಮನೆಯವರೂ ಹಾರೆ, ಗುದ್ದಲಿ ಹಿಡಿದು, ಕರು ಕಟ್ಟುವ ಗೂಟ ಇದ್ದ ಜಾಗವನ್ನು ಅಂದಾಜು ಮಾಡಿ ಅಲ್ಲಿ ಅಗೆಯತೊಡಗಿದೆವು. ನೀನು ಕಂಬಳಿಕೊಪ್ಪೆ ಹಾಕಿಕೊಂಡು ಬಂದು ನನ್ನ ಅಂಗಿಯನ್ನು ಜಗ್ಗಿ, ‘ಅಪ್ಪಯ್ಯ, ಅಲ್ಲಲ್ಲ, ಕೆಳಗೆ ಗೊಬ್ಬರಗುಂಡಿ ಹತ್ತಿರ ಗಂಟೆ ಕೇಳಿಸ್ತು’ ಎಂದೆ. ಕೆಲಸದ ನಡುವೆ ಕಾಲಿಗೆ ಸಿಕ್ಕಬೇಡ ಎಂದು ಎಲ್ಲರ ಎದುರು ಗದರಿದೆ. ನೀನು ಎರಡನೆಯ ಸಲ ಹೇಳಿದಾಗ ಕೈಯೆತ್ತಿದೆ ಕೂಡ. ಮೂರನೆಯ ಸಲ ನೀನು ಹೇಳಲಿಲ್ಲ.

ಮುಕ್ಕಾಲು ಗಂಟೆ ಅಗೆದ ಮೇಲೆ ಗೂಟ ಸಿಕ್ಕಿತು, ಕರು ಇರಲಿಲ್ಲ. ಮಣ್ಣು ಕೊಟ್ಟಿಗೆಯನ್ನೇ ತಳ್ಳಿಕೊಂಡು ಕೆಳಕ್ಕೆ ಹೋಗಿತ್ತು. ಗೊಬ್ಬರಗುಂಡಿಯ ಅಂಚಿನಲ್ಲಿ ಎರಡು ಮೊಳ ಅಗೆಯುವಷ್ಟರಲ್ಲಿ ಅದರ ಬೆನ್ನು ಕಂಡಿತು. ಮೈ ಇನ್ನೂ ಬಿಸಿಯಿತ್ತು. ಕೊರಳ ಗಂಟೆಯೊಳಗೆ ಕೆಸರು ತುಂಬಿಕೊಂಡಿತ್ತು. ನೀನು ಜಗಲಿಯ ಕಂಬ ಹಿಡಿದು ನಿಂತಿದ್ದೆ. ನಾನು ನಿನ್ನ ಮುಖ ನೋಡಲಿಲ್ಲ. ನೀನು ಹೇಳಿದ್ದು ಸರಿಯಾಗಿತ್ತೆಂದು ಆ ರಾತ್ರಿಯೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಮಗಳೇ. ನೀನು ಹೇಳಿದ್ದು ಸರಿಯಾಗಿತ್ತು. ನಾನು ಕಿವಿಗೊಡಬೇಕಿತ್ತು.

ನೀವೆಲ್ಲ ಎದೆಗೆ ಕಟ್ಟಿಕೊಳ್ಳುವ ಬೀಕನ್ ಎಂಬ ರೇಡಿಯೊ ಸಾಧನದ ಬಗ್ಗೆ ಓದುವಾಗ ನನಗೆ ಮೊದಲು ನೆನಪಾದದ್ದು ಆ ಗಂಟೆ. ಹಿಮದಡಿ ಸಿಕ್ಕವರ ಬೀಕನ್ ಸಂಕೇತ ಕಳುಹಿಸುತ್ತಲೇ ಇರುತ್ತದೆ, ಮೇಲಿರುವವರು ತಮ್ಮದನ್ನು ಹುಡುಕುವ ಸ್ಥಿತಿಗೆ ತಿರುಗಿಸಿ ಅದರ ಜಾಡು ಹಿಡಿಯುತ್ತಾರೆ, ಉದ್ದನೆಯ ಕಡ್ಡಿ ಚುಚ್ಚಿ ಜಾಗ ಖಚಿತ ಮಾಡಿಕೊಂಡು ಸಲಿಕೆಯಿಂದ ಅಗೆಯುತ್ತಾರೆ. ಜಾರಿ ಬಂದ ಹಿಮ ನಿಂತ ಕೂಡಲೇ ಬಿಗಿದುಕೊಳ್ಳುವುದರಿಂದ ಒಳಗಿದ್ದವರಿಗೆ ಕೈಯನ್ನೂ ಆಡಿಸಲಾಗದು. ಮೊದಲ 10-15 ನಿಮಿಷದಲ್ಲಿ ಹೊರತೆಗೆದರೆ ಬದುಕುವವರೇ ಹೆಚ್ಚು, ಅರ್ಧ ಗಂಟೆ ದಾಟಿದರೆ ಬದುಕುವವರು ಕಡಿಮೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದಿಲ್ಲ, ಜೊತೆಗಿರುವ ಮೂವರೇ ಬರಬೇಕು. ಆ ಮೂವರಿಗೆ ಹುಡುಕುವ ಅಭ್ಯಾಸ ಎಷ್ಟಿದೆ? ಈ ವರ್ಷ ಎಷ್ಟು ಸಲ ಬೀಕನ್ ಹೂತಿಟ್ಟು ಹುಡುಕಿದ್ದಾರೆ? ಬ್ಯಾಟರಿ ಹೊಸದೇ? ಒಬ್ಬರು ಇಳಿಯುವಾಗ ಉಳಿದವರು ಕೊರಕಲಿನ ನೇರದಲ್ಲಿ ನಿಲ್ಲದೆ ಬಂಡೆಯ ಮರೆಯಲ್ಲಿ ನಿಲ್ಲುತ್ತಾರೆಯೇ? ಇದನ್ನೆಲ್ಲ ನಿನಗೆ ಕಲಿಸಿದವರಿದ್ದಾರೆ, ನೀನು ಪಾಠ ಮಾಡಿಕೊಂಡೇ ಹೋಗುತ್ತೀಯ ಎಂಬುದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಒಂದು ವಿಷಯ ಮಾತ್ರ ಓದಿದ ಕೂಡಲೇ ನನಗೆ ಹೊಳೆಯಿತು. ರಾತ್ರಿ ಮೋಡ ಕವಿದಿದ್ದರೆ ಹಿಮ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ ಎನ್ನುತ್ತಾರಲ್ಲ, ಅಂಗಳದಲ್ಲಿ ಅಡಿಕೆ ಒಣಗಿಸುವ ನಮಗೆ ಅದು ಹೊಸತಲ್ಲ: ಮೋಡವಿದ್ದ ರಾತ್ರಿ ಚಳಿಯೂ ಕಡಿಮೆ, ಇಬ್ಬನಿಯೂ ಕಡಿಮೆ. ಆದ್ದರಿಂದ ಬೆಳಗಿನ ಜಾವ ಮೂರಕ್ಕೆ ಎದ್ದಾಗ ನಕ್ಷತ್ರ ಕಾಣದಿದ್ದರೆ, ಬೂಟಿನ ಹಿಮ್ಮಡಿ ಹಿಮದಲ್ಲಿ ಹೂತುಹೋಗುತ್ತಿದ್ದರೆ, ಅಲ್ಲಿಂದಲೇ ಹಿಂದಿರುಗು. ತೀರ ಬೇಗ ಇಳಿದರೆ ಮಂಜುಗಡ್ಡೆ, ಬಿದ್ದವರು ನಿಲ್ಲುವುದಿಲ್ಲ. ತಡವಾದರೆ ಬಿಸಿಲಿಗೆ ನೆನೆದ ಹಿಮ ಜಾರುತ್ತದೆ, ಮೇಲಿನ ಕಲ್ಲು ಸಡಿಲಾಗುತ್ತದೆ. ಇವೆರಡರ ನಡುವೆ ನಿಮಗೆ ಸಿಗುವುದು ಸ್ವಲ್ಪ ಹೊತ್ತು. ರಜೆ ಹಾಕಿ ಬಂದಿದ್ದೇವೆ, ಇಷ್ಟು ಹತ್ತಿದ್ದೇವೆ ಎಂಬ ಕಾರಣಕ್ಕೆ ಆ ಹೊತ್ತನ್ನು ಎಳೆಯಬೇಡ. ನಾಲ್ವರಲ್ಲಿ ಎಲ್ಲರಿಗಿಂತ ಕಡಿಮೆ ಅನುಭವದವರು ಅಂಜುತ್ತ ಇವತ್ತು ಬೇಡವೆಂದರೂ ನಿಂತು ಕೇಳು. ಅದೇ ನೀನಾಗಿದ್ದರೆ ಮೂರನೆಯ ಸಲವೂ ಹೇಳು.

ಸಿಟ್ಟಿನಲ್ಲಿ ಇನ್ನೊಂದನ್ನು ಹೇಳದೆ ಉಳಿಸಿದ್ದೆ. ನಮ್ಮ ಕೊಡಚಾದ್ರಿ 1,343 ಮೀಟರ್. ಅಂಥ ಮೂರನ್ನು ಒಂದರ ಮೇಲೊಂದು ಇಟ್ಟಷ್ಟು ಎತ್ತರದಲ್ಲಿ, ಬೂಟಿನಡಿ ಕ್ರಾಂಪಾನಿನ ಮುಳ್ಳು ಕಟ್ಟಿ, ಸ್ಕೀಗಳನ್ನು ಬೆನ್ನಿಗೇರಿಸಿ ನೀನು ಹತ್ತುತ್ತಿರುವ ಕಳೆದ ವರ್ಷದ ಫೋಟೊವನ್ನು ಸೊಸೈಟಿಯಲ್ಲಿ ಅಡಿಕೆ ಹಾಕಲು ಬಂದವರಿಗೆಲ್ಲ ತೋರಿಸಿದ್ದೇನೆ. ‘ಇದು ನಮ್ಮ ಹುಡುಗಿ’ ಎಂದೇ ತೋರಿಸಿದ್ದೇನೆ. ನಿನ್ನ ಅಮ್ಮನಿಗೆ ಇದು ಗೊತ್ತು, ನಿನಗೆ ಗೊತ್ತಿರಲಿಲ್ಲ.

ಹೋಗಬೇಡವೆಂದು ಇನ್ನು ಹೇಳುವುದಿಲ್ಲ. ಹೊರಡುವ ಮೊದಲು ಕೊರಕಲಿನ ಹೆಸರನ್ನೂ ಸ್ನೇಹಿತರ ಮನೆಯವರ ಫೋನ್ ನಂಬರುಗಳನ್ನೂ ಬರೆದು ಕಳುಹಿಸು. ನಿನ್ನ ಬೆಳಗಿನ ಹತ್ತು ಗಂಟೆ ನಮಗೆ ರಾತ್ರಿ ಒಂಬತ್ತೂವರೆ. ಆ ಹೊತ್ತಿಗೆ ಮೃಗಶಿರ ಮಳೆ ಹಿಡಿದಿರುತ್ತದೆ, ಕರೆಂಟು ಇರುವ ಭರವಸೆಯಿಲ್ಲ. ಸಿಗ್ನಲ್ ಜಗಲಿಯ ಆ ಕಂಬದ ಹತ್ತಿರ ಮಾತ್ರ ಸಿಗುತ್ತದೆ. ಫೋನನ್ನು ಮೊದಲೇ ಚಾರ್ಜ್ ಮಾಡಿಟ್ಟುಕೊಂಡು ಅಲ್ಲಿ ಕೂತಿರುತ್ತೇನೆ.

ಇಂತಿ,
ನಿನ್ನ ಅಪ್ಪಯ್ಯ