ಒಳ್ಳೇ ಬ್ಯಾಕ್ಟೀರಿಯಾ ಪೌಡರ್ ತಗೊಳ್ಳಿ, ಆದ್ರೆ ಗುಳಿಗೆ ಬಿಡ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಹೊಟ್ಟೇಲಿರೋ ಒಳ್ಳೇ ಬ್ಯಾಕ್ಟೀರಿಯಾ, ಪ್ರೊಬಯಾಟಿಕ್ ಅಂತ ಈಗ ಪೇಪರಲ್ಲಿ, ವಾಟ್ಸಾಪಲ್ಲಿ, ಮೆಡಿಕಲ್ ಶಾಪಲ್ಲಿ ಎಲ್ಲಾ ಕಡೆ ಅದೇ ಮಾತು. ನಂಗೆ ಅದ್ರ ಮೇಲೆ ಸಿಟ್ಟೇನಿಲ್ಲ, ನಮ್ಮನೆ ಫ್ರಿಜ್ಜಲ್ಲೂ ಇದೆ. ಆದ್ರೆ ನಮ್ಮನೇಲಿ ಆಗಿದ್ದು ಇನ್ನೊಬ್ರ ಮನೇಲಿ ಆಗ್ಬಾರ್ದು ಅಂತ ಬರೀತಿದೀನಿ.

ನನ್ನ ತಮ್ಮಂಗೆ ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಕೆಂಪಾಗಿ ಹುಣ್ಣಾಗೋ ಕಾಯಿಲೆ, ರಕ್ತ ಹೋಗುತ್ತೆ, ದಿನಕ್ಕೆ ಹತ್ತು ಹನ್ನೆರಡು ಸಲ ಸಂಡಾಸಿಗೆ ಓಡ್ಬೇಕು. ಮೊದ್ಲು ಮೂಲವ್ಯಾಧಿ ಅಂತ ಎಂಟು ತಿಂಗ್ಳು ಕಳೆದ್ವಿ, ಕಡೇಗೆ ಹುಬ್ಬಳ್ಳೀಲಿ ಸ್ಕೋಪ್ ಹಾಕಿ ಬಯಾಪ್ಸಿ ಮಾಡಿದ್ಮೇಲೇ ಗೊತ್ತಾಗಿದ್ದು. ಕರುಳಿನ ಉರಿಯೂತ ಇಳಿಸೋ ಮೆಸಲಮಿನ್ ಗುಳಿಗೆ ಶುರುವಾಯ್ತು. ಅವ್ನು ಒಂದು ಹಳೇ ಡೈರೀಲಿ ಲೆಕ್ಕ ಇಡ್ತಿದ್ದ, ಒಂದ್ಸಲ ಹೋಗಿ ಬಂದ್ರೆ ಒಂದು ಗೆರೆ, ರಕ್ತ ಕಂಡ್ರೆ ಕೆಂಪು ಪೆನ್ನಲ್ಲಿ, ಇಲ್ಲಾಂದ್ರೆ ನೀಲಿ. ಎರಡು ತಿಂಗಳಿಗೆ ಪುಟ ಪೂರ್ತಿ ನೀಲಿ ಆಯ್ತು, ಅವತ್ತು ಆಯಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ಲು.

ಒಂದು ವರ್ಷ ಚೆನ್ನಾಗೇ ಇದ್ದ. ಆಮೇಲೆ ಪರಿಚಯದೋರೊಬ್ರು ಪ್ರೊಬಯಾಟಿಕ್ ಡಬ್ಬಿ ತಂದು, ಇದು ಕಾಯಿಲೇನ ಬೇರು ಸಮೇತ ತೆಗೆಯುತ್ತೆ, ಇಂಗ್ಲಿಷ್ ಗುಳಿಗೆ ತಿಂದ್ರೆ ಕಿಡ್ನಿ ಹೋಗುತ್ತೆ, ಮೊದ್ಲು ಅದನ್ನ ಬಿಡು ಅಂದ್ರು. (ಮೆಸಲಮಿನ್ ತಗೊಳ್ಳೋರು ಕಿಡ್ನಿ ಟೆಸ್ಟ್ ಆಗಾಗ ಮಾಡಿಸ್ಬೇಕು ಹೌದು, ಡಾಕ್ಟ್ರು ಅದಕ್ಕೇ ರಕ್ತ ಪರೀಕ್ಷೆ ಬರೆದುಕೊಡೋದು. ಹಾಗಂತ ಗುಳಿಗೆ ಬಿಡೋದಲ್ಲ.) ತಮ್ಮ ನಮಗ್ಯಾರಿಗೂ ಹೇಳ್ದೆ ಗುಳಿಗೆ ಬಿಟ್ಟ. ಆರು ವಾರಕ್ಕೆ ಡೈರಿ ಮತ್ತೆ ಕೆಂಪಾಯ್ತು. ಹುಬ್ಬಳ್ಳಿಗೆ ಕರ್ಕೊಂಡು ಹೋಗುವಾಗ ಮುಂಡಗೋಡ ದಾಟೋದ್ರೊಳಗೆ ಎರಡು ಸಲ ಬಸ್ ನಿಲ್ಲಿಸ್ಬೇಕಾಯ್ತು, ಅವ್ನು ಟವೆಲ್ ಮುಖಕ್ಕೆ ಮುಚ್ಕೊಂಡು ಇಳಿದಿದ್ದು ನನ್ನ ಕಣ್ಣಿಂದ ಹೋಗಿಲ್ಲ. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು, ಸ್ಟೀರಾಯ್ಡ್ ಕೊಡ್ಬೇಕಾಯ್ತು.

ಆ ಡಬ್ಬಿ ಮೇಲೆ ಲ್ಯಾಕ್ಟೋಬ್ಯಾಸಿಲಸ್ ಅಂತ ಅಷ್ಟೇ ಇತ್ತು, ಯಾವ ತಳಿ ಅಂತಾನೇ ಇಲ್ಲ. ಇಲ್ಲೇ ಇರೋದು ವಿಷ್ಯ. ಒಳ್ಳೇ ಬ್ಯಾಕ್ಟೀರಿಯಾ ಅನ್ನೋದು ಒಂದೇ ವಸ್ತು ಅಲ್ಲ, ತಳಿ ಬೇರೆ ಆದ್ರೆ ಕೆಲಸಾನೂ ಬೇರೆ. 1917ರಲ್ಲಿ ಆಲ್ಫ್ರೆಡ್ ನಿಸ್ಲೆ ಅನ್ನೋ ಜರ್ಮನ್ ಡಾಕ್ಟ್ರು, ಜೊತೆಗಿರೋರಿಗೆಲ್ಲಾ ಭೇದಿ ಆದ್ರೂ ತನಗೆ ಮಾತ್ರ ಆಗ್ದೇ ಇದ್ದ ಒಬ್ಬ ಸೈನಿಕನ ಮಲದಿಂದ ಇ ಕೋಲಿ ಅನ್ನೋ ಕರುಳಿನ ಬ್ಯಾಕ್ಟೀರಿಯಾದ ಒಂದು ತಳಿ ತೆಗೆದ್ರು. 2004ರಲ್ಲಿ 327 ಪೇಷಂಟ್‌ಗಳಿಗೆ ಒಂದು ವರ್ಷ ಕೊಟ್ಟು ನೋಡಿದಾಗ, ಕೊಲೈಟಿಸ್ ಮತ್ತೆ ಕೆರಳದಂತೆ ತಡೆಯೋದ್ರಲ್ಲಿ ಅದು ಹೆಚ್ಚುಕಮ್ಮಿ ಮೆಸಲಮಿನ್‌ಗೆ ಸಮ ಬಂತು. ನಮ್ಮ ದೇಶದಲ್ಲೇ 2009ರ ಒಂದು ಅಧ್ಯಯನದಲ್ಲಿ ಎಂಟು ತಳಿಯ ಮಿಶ್ರಣ ಕೊಟ್ರು, ಡೋಸ್ ಲಕ್ಷ ಕೋಟಿ ಲೆಕ್ಕದಲ್ಲಿ. 12 ವಾರಕ್ಕೆ ಪೌಡರ್ ತಗೊಂಡೋರಲ್ಲಿ 42.9 ಪರ್ಸೆಂಟ್ ಜನಕ್ಕೆ ಕಾಯಿಲೆ ಹತೋಟಿಗೆ ಬಂತು, ಬ್ಯಾಕ್ಟೀರಿಯಾ ಇಲ್ದಿರೋ ಬರೀ ಹುಸಿ ಪೌಡರ್ ತಗೊಂಡೋರಲ್ಲಿ 15.7. ಅಂದ್ರೆ ಉಪಯೋಗ ಇಲ್ಲ ಅಂತಲ್ಲ, ಆದ್ರೆ ಅದು ಸೌಮ್ಯ ಅಥವಾ ಮಧ್ಯಮ ಕೊಲೈಟಿಸ್ ಇದ್ದೋರಿಗೆ, ಆ ತಳಿ, ಆ ಡೋಸು. ಕ್ರೋನ್ಸ್ ಅಂತ ಕರುಳಿನದ್ದೇ ಇನ್ನೊಂದು ಉರಿಯೂತದ ಕಾಯಿಲೆ ಇದೆ, ಅದ್ರಲ್ಲಿ ಇಂಥ ಫಲ ಸಿಕ್ಕಿಲ್ಲ. ಅಮೆರಿಕದ ಹೊಟ್ಟೆ ಡಾಕ್ಟ್ರ ಸಂಘ 2020ರಲ್ಲಿ, ಕೊಲೈಟಿಸ್‌ಗಾಗ್ಲಿ ಕ್ರೋನ್ಸ್‌ಗಾಗ್ಲಿ ಪ್ರೊಬಯಾಟಿಕ್ ಅನ್ನ ಅಧ್ಯಯನದ ಒಳಗೆ ಮಾತ್ರ ಕೊಡಿ ಅಂತಾನೇ ಹೇಳ್ತು.

ಮೊಸರು ತಿಂದ್ರೆ ಸಾಕಲ್ವಾ ಅಂತ ನಮ್ಮ ಕಡೆ ಎಲ್ರೂ ಕೇಳ್ತಾರೆ. ಒಂದೆಲಗದ ತಂಬುಳಿ, ಮಜ್ಜಿಗೆ ಇಲ್ದೆ ನಮಗೆ ಊಟಾನೇ ಆಗಲ್ಲ, ತಮ್ಮನೂ ಹುಷಾರಾಗಿದ್ದಾಗ ಚೆನ್ನಾಗೇ ಉಣ್ತಾನೆ. ಆದ್ರೆ ಮೊಸರಲ್ಲಿರೋ ಬ್ಯಾಕ್ಟೀರಿಯಾ ಆ ಅಧ್ಯಯನದ ತಳಿ ಅಲ್ಲ, ಅಷ್ಟು ಲೆಕ್ಕಾನೂ ಅಲ್ಲ, ಅದು ಊಟ, ಔಷಧಿ ಅಲ್ಲ. ಇನ್ನೊಂದು, ಜೋರು ಸ್ಟೀರಾಯ್ಡಲ್ಲೋ ಇಮ್ಯುನಿಟಿ ಕಮ್ಮಿ ಮಾಡೋ ಗುಳಿಗೇಲೋ ಇರೋರು ಡಾಕ್ಟ್ರನ್ನ ಕೇಳ್ದೆ ಜೀವಂತ ಬ್ಯಾಕ್ಟೀರಿಯಾ ತಗೊಳ್ಳೋದು ಬೇಡ, ಅಪರೂಪಕ್ಕೆ ಅದು ರಕ್ತಕ್ಕೆ ಸೇರಿ ಸೋಂಕು ಆಗೋದುಂಟು.

ಈಗ ಡಾಕ್ಟ್ರು ಬರೆದುಕೊಟ್ಟ ಪೌಡರನ್ನ ಗುಳಿಗೆ ಜೊತೆಗೇ ತಗೊಳ್ತಿದಾನೆ. ಅದು ಫ್ರಿಜ್ಜಲ್ಲೇ ಇರ್ಬೇಕು. ಹೋದ ಮಳೆಗಾಲದಲ್ಲಿ ನಮ್ಮೂರಲ್ಲಿ ಮೂರು ದಿನ ಕರೆಂಟ್ ಇರ್ಲಿಲ್ಲ, ಸ್ಯಾಶೆ ಬಿಚ್ಚಿದ್ರೆ ಪುಡಿ ಒದ್ದೆಯಾಗಿ ಮುದ್ದೆ ಕಟ್ಟಿತ್ತು, ಎಸೆದು ಹೊಸದು ತಂದ್ವಿ. ಅಂಗಡೀಲಿ ಹೊರಗೆ ಶೆಲ್ಫಲ್ಲಿಟ್ಟಿರೋ, ಫ್ರಿಜ್ಜಲ್ಲಿಡ್ಬೇಕಾದ ಪೌಡರನ್ನ ದಯವಿಟ್ಟು ತಗೊಳ್ಬೇಡಿ, ಫ್ರಿಜ್ಜಲ್ಲಿಟ್ಟಿದ್ದನ್ನೇ ಕೇಳಿ ತಗೊಳ್ಳಿ.

ಸಂಪಾದಕರಲ್ಲಿ ಒಂದು ವಿನಂತಿ. ನಿಮ್ಮ ಆರೋಗ್ಯ ಪುಟದಲ್ಲಿ ಪ್ರೊಬಯಾಟಿಕ್ ಬಗ್ಗೆ ಬಂದಾಗಲೆಲ್ಲಾ ಯಾವ ತಳಿ, ಯಾವ ಕಾಯಿಲೆಗೆ ಅಂತ ಬರೆಸಿ, ನಡೀತಿರೋ ಔಷಧಿ ನಿಲ್ಲಿಸ್ಬೇಡಿ ಅನ್ನೋ ಒಂದು ಸಾಲನ್ನ ದಪ್ಪ ಅಕ್ಷರದಲ್ಲಿ ಹಾಕಿ.

ಇಂತಿ,
ಒಬ್ಬ ಅಕ್ಕ, ಶಿರಸಿ ತಾಲೂಕು